ಹತ್ತುವಾಗ ಸೋಲುವ, ನಿಲ್ಲಿಸಿದರೆ ಸರಿಹೋಗುವ ಹಳೆಯ ಡೀಸೆಲ್ ಜೀಪು: ದೋಷ ಹುಡುಕುವ ಬಗೆ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ನೆಟ್ಟಗಿದೆ. ಬಯಲು ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಹೋದರೆ ಯಾವ ತಕರಾರೂ ಇಲ್ಲ. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಮೂರನೆಯದೋ ನಾಲ್ಕನೆಯದೋ ತಿರುವಿಗೆ ಬರುವಷ್ಟರಲ್ಲಿ ಎಳೆತ ಕುಂದುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಏರುವುದಿಲ್ಲ. ಒಂದನೇ ಗೇರಿಗೆ ಇಳಿಸಿದರೂ ಏದುಸಿರು ಬಿಡುತ್ತದೆ. ಬದಿಗೆ ಹಾಕಿ ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಹತ್ತತೊಡಗುತ್ತದೆ. ಗ್ಯಾರೇಜಿಗೆ ಒಯ್ದಾಗ ಮಾತ್ರ ದೋಷ ತೋರಿಸುವುದೇ ಇಲ್ಲ.

ಮಹೀಂದ್ರ ಎಂಎಂ 540, ಕಮಾಂಡರ್, ಮೇಜರ್‌ನಂಥ ಹಳೆಯ ಜೀಪುಗಳಿಗೂ ಅದೇ ಕಾಲದ ಪಿಕಪ್‌ಗಳಿಗೂ ಈ ಕ್ರಮ ಹೊಂದುತ್ತದೆ. ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಗಾಡಿಗಳಿಗಷ್ಟೇ ಇದು. ಕಾಮನ್ ರೈಲ್ ಎಂಜಿನ್‌ಗಳ ದಾರಿ ಬೇರೆ. ಅವುಗಳ ಡೀಸೆಲ್ ಪೈಪುಗಳನ್ನು ಇಲ್ಲಿ ಹೇಳಿದ ಹಾಗೆ ಬಿಚ್ಚಲೇಬಾರದು.

ಪಂಪಿಗೂ ನೋಝಲ್‌ಗೂ ಮೊದಲು ಕೈ ಹಾಕಬೇಡಿ

ಇಂಥ ದೂರು ಬಂದ ಕೂಡಲೇ ಪಂಪ್ ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸುವ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಝಲ್ ಬದಲಿಸುವ ರೂಢಿ ಬಹಳ ಕಡೆ ಇದೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಅದೇ ತಿರುವಿನಲ್ಲಿ ಗಾಡಿ ಮತ್ತೆ ನಿಲ್ಲುತ್ತದೆ. ಸವೆದ ನೋಝಲ್, ಸವೆದ ಪಂಪ್, ಕುಗ್ಗಿದ ಕಂಪ್ರೆಷನ್, ಹದ ತಪ್ಪಿದ ಟ್ಯಾಪೆಟ್, ಇವು ಯಾವುವೂ ಹತ್ತು ನಿಮಿಷ ವಿಶ್ರಾಂತಿ ಕೊಟ್ಟರೆ ವಾಸಿಯಾಗುವಂಥವಲ್ಲ. ಅವು ಬೆಳಿಗ್ಗೆಯೂ ಇರುತ್ತವೆ, ಸಂಜೆಯೂ ಇರುತ್ತವೆ. ನಿಲ್ಲಿಸಿದರೆ ಸರಿಹೋಗುವ ದೋಷದಲ್ಲಿ ಏನೋ ಒಂದು ನಿಧಾನವಾಗಿ ತುಂಬಿಕೊಳ್ಳುತ್ತಿರಬೇಕು, ಇಲ್ಲವೇ ಬರಿದಾಗುತ್ತಿರಬೇಕು. ಹೆಚ್ಚಿನ ಸಲ ಅದು ಟ್ಯಾಂಕಿನಿಂದ ಪಂಪಿನವರೆಗಿನ ಡೀಸೆಲ್ ದಾರಿಯಲ್ಲಿರುತ್ತದೆ.

ಐಡ್ಲಿಂಗ್ ಚೆನ್ನಾಗಿದ್ದರೂ ಘಾಟಿಯಲ್ಲಿ ಸೋಲುವುದು ಏಕೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಸುಮಾರು 45 ಕಿಲೋವ್ಯಾಟ್ ಕೊಡುವ ಎಂಜಿನ್ ಪೂರ್ತಿ ಭಾರದಲ್ಲಿ ದುಡಿಯುವಾಗ ಪ್ರತಿ ಕಿಲೋವ್ಯಾಟ್ ಗಂಟೆಗೆ 250 ಗ್ರಾಂ ಆಸುಪಾಸು ಡೀಸೆಲ್ ಉರಿಸುತ್ತದೆ ಎಂದುಕೊಳ್ಳಿ. ಗಂಟೆಗೆ 11 ಕಿಲೋ ಚಿಲ್ಲರೆ, ಅಂದರೆ ಸುಮಾರು 13.5 ಲೀಟರ್. ನಿಮಿಷಕ್ಕೆ 225 ಮಿಲಿಲೀಟರ್. ಅದೇ ಎಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಒಂದು ಲೀಟರನ್ನೂ ಕುಡಿಯುವುದಿಲ್ಲ. ನಿಮಿಷಕ್ಕೆ 10ರಿಂದ 15 ಮಿಲಿಲೀಟರ್ ಸಿಕ್ಕರೆ ಹಾಯಾಗಿ ನಡೆಯುತ್ತದೆ. ಪೈಪು ಅರ್ಧ ಕಟ್ಟಿಕೊಂಡು ನಿಮಿಷಕ್ಕೆ 100 ಮಿಲಿಲೀಟರ್ ಮಾತ್ರ ಬಿಡುತ್ತಿದ್ದರೆ ಗ್ಯಾರೇಜಿನಲ್ಲಿ ನಿಂತ ಗಾಡಿಗೆ ಅದು ತಿಳಿಯುವುದೇ ಇಲ್ಲ. ಜೊತೆಗೆ ಪಂಪಿನೊಳಗೆ ಹೋಗಿ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಹಿಂದಿರುಗುವ ಡೀಸೆಲ್ ಕೂಡ ಇದೇ ದಾರಿಯಲ್ಲಿ ಬರಬೇಕು. ಹಾಗಾಗಿ ನಿಂತಲ್ಲೇ ರೇಸ್ ಮಾಡಿ ನೋಡಿ “ಗಾಡಿ ಸರಿಯಿದೆ” ಎಂದು ಕಳಿಸುವುದರಲ್ಲಿ ಅರ್ಥವಿಲ್ಲ.

ಸೋತಿದ್ದು ಎಂಜಿನ್ನೇ ಹೌದೇ?

ಬಾನೆಟ್ ಎತ್ತುವ ಮೊದಲು ಎರಡು ಸಂಗತಿ ತೀರ್ಮಾನವಾಗಬೇಕು. ಎಳೆತ ಹೋದಾಗ ಎಂಜಿನ್ ಸದ್ದು ಏರುತ್ತಿದ್ದು ಗಾಡಿ ಮಾತ್ರ ಏರದಿದ್ದರೆ ಅದು ಕ್ಲಚ್ ಜಾರುವುದು. ಸದ್ದು ಕೂಡ ಗಾಡಿಯೊಂದಿಗೇ ಇಳಿದರೆ ಬ್ರೇಕ್ ಹಿಡಿದುಕೊಂಡಿದೆಯೇ ನೋಡಬೇಕು. ಗಾಡಿ ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರದ ಡ್ರಮ್ಮಿನ ಹತ್ತಿರ ಕೈ ಒಯ್ದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು, ಝಳ ತಿಳಿಯುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ಬಹಳ ಬಿಸಿಯಿದ್ದರೆ ಅಲ್ಲಿನ ವೀಲ್ ಸಿಲಿಂಡರ್ ಅಂಟಿಕೊಂಡಿರುತ್ತದೆ. ನಾಲ್ಕೂ ಬಿಸಿಯಿದ್ದರೆ ಪೆಡಲಿಗೆ ಫ್ರೀ ಪ್ಲೇ (ಒತ್ತುವಾಗ ಮೊದಲಿಗೆ ಸಿಗಬೇಕಾದ ಸಡಿಲ) ಇಲ್ಲ. ಬಿಸಿಯಾದ ಬ್ರೇಕ್ ಆಯಿಲ್ ಮಾಸ್ಟರ್ ಸಿಲಿಂಡರಿಗೆ ಮರಳಲಾಗದೆ ಬ್ರೇಕನ್ನು ತಾನೇ ಒತ್ತಿ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ತಣ್ಣಗಾಗಿ ಬಿಟ್ಟುಕೊಡುವುದರಿಂದ ಇದು ಡೀಸೆಲ್ ದೋಷದಂತೆಯೇ ಕಾಣುತ್ತದೆ. ಎಳೆತ ಹೋದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಬ್ರೇಕ್ ಬಿಟ್ಟಾಗ ಗಾಡಿ ಸಲೀಸಾಗಿ ಹಿಂದೆ ಉರುಳಿದರೆ ಬ್ರೇಕಿನ ತಪ್ಪಲ್ಲ. ಹಿಂದೆ ಯಾವ ಗಾಡಿಯೂ ಇಲ್ಲವೆಂದು ಖಚಿತಪಡಿಸಿಕೊಂಡು, ಚಕ್ರದ ಹಿಂದೆ ಒಂದು ಗೇಣು ಬಿಟ್ಟು ಕಲ್ಲಿಟ್ಟು ನೋಡಿ.

ಹೊಗೆ ಹೇಳುವ ಮಾತು

ಎಳೆತ ಹೋಗುವ ಆ ಕ್ಷಣದಲ್ಲಿ ಸೈಲೆನ್ಸರಿನಿಂದ ಏನು ಬರುತ್ತಿದೆ? ಇಡೀ ತನಿಖೆಯಲ್ಲಿ ಇದಕ್ಕಿಂತ ದೊಡ್ಡ ಸುಳಿವಿಲ್ಲ. ಚಾಲಕ ಒಬ್ಬನಿಗೇ ಇದನ್ನು ನೋಡಲಾಗದು. ಹಿಂದಿನ ಸೀಟಿನಲ್ಲಿ ಒಬ್ಬರು ಕೂತು ನೋಡಬೇಕು.

ಪೂರ್ತಿ ಆಕ್ಸಿಲರೇಟರ್ ಒತ್ತಿದರೂ ಹೊಗೆಯೇ ಇಲ್ಲ, ಎಂಜಿನ್ ಸದ್ದು ಮೆತ್ತಗಾಗಿದೆ ಎಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲದು, ಅಥವಾ ಉರಿದದ್ದು ಹೊರಹೋಗಲು ದಾರಿ ಕಟ್ಟಿದೆ. ಬಿಳಿ ಹೊಗೆಯ ಜೊತೆ ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಇದ್ದರೆ ಡೀಸೆಲಿನಲ್ಲಿ ಗಾಳಿ ಅಥವಾ ನೀರು ಸೇರಿದೆ. ಹೊಗೆಯಿಲ್ಲದೆ ಸೋಲುವ ಗಾಡಿಗೆ ಏರ್ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಕಪ್ಪು ಹೊಗೆಯ ಗಾಡಿಗೆ ಡೀಸೆಲ್ ಫಿಲ್ಟರ್ ಬದಲಿಸಿಯೂ ಇಲ್ಲ.

ಹೊಗೆಯ ಜೊತೆಗೆ ಇನ್ನೂ ಕೆಲವನ್ನು ಚೀಟಿಯಲ್ಲಿ ಬರೆದಿಡಿ. ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಹೊರಟು ಎಷ್ಟು ಹೊತ್ತಾಗಿತ್ತು, ಎಳೆತ ಮೆಲ್ಲಗೆ ಇಳಿಯಿತೇ ಅಥವಾ ಸ್ವಿಚ್ ಆರಿಸಿದ ಹಾಗೆ ಥಟ್ಟನೆ ಹೋಯಿತೇ, ಎಷ್ಟು ನಿಮಿಷ ನಿಲ್ಲಿಸಿದ ಮೇಲೆ ಸರಿಯಾಯಿತು. ಟ್ಯಾಂಕ್ ತುಂಬಿದ್ದಾಗ ಚೆನ್ನಾಗಿದ್ದು ಅರ್ಧಕ್ಕಿಳಿದ ಮೇಲಷ್ಟೇ ಸೋತರೆ ಟ್ಯಾಂಕಿನೊಳಗಿನ ಹೀರುವ ಪೈಪು ಮಧ್ಯದಲ್ಲಿ ಸೀಳಿರುವ ಸಂಭವ ಹೆಚ್ಚು. ಥಟ್ಟನೆ ಹೋಗಿ ಥಟ್ಟನೆ ಬಂದರೆ ಡೀಸೆಲ್ ಪೈಪಿಗಿಂತ ಮೊದಲು ವೈರನ್ನು ಅನುಮಾನಿಸಬೇಕು.

ಖರ್ಚಿಲ್ಲದ ಮೂರು ಪರೀಕ್ಷೆ

ಮೊದಲು ಟ್ಯಾಂಕಿನ ಮುಚ್ಚಳ. ಡೀಸೆಲ್ ಖಾಲಿಯಾದಷ್ಟೂ ಗಾಳಿ ಟ್ಯಾಂಕಿನೊಳಗೆ ಬರಬೇಕು. ಮುಚ್ಚಳದ ಅಥವಾ ವೆಂಟ್ ಪೈಪಿನ ಸಣ್ಣ ತೂತಿಗೆ ಕೆಸರು ಮೆತ್ತಿದರೆ, ಕಣಜದ ಹುಳ ಮಣ್ಣು ತುಂಬಿದರೆ, ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪ್ ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ. ಎಳೆತ ಹೋದ ಕೂಡಲೇ ಇಳಿದು ಮುಚ್ಚಳ ತೆಗೆಯಿರಿ. ಒಳಕ್ಕೆ ಗಾಳಿ ಎಳೆದುಕೊಂಡು ‘ಸುಯ್’ ಎಂದರೆ ಕಾರಣ ಸಿಕ್ಕಂತೆಯೇ. ಮುಚ್ಚಳ ಸಡಿಲ ಮಾಡಿ, ಮೇಲೆ ಬಟ್ಟೆ ಕಟ್ಟಿ ಅದೇ ಏರನ್ನು ಹತ್ತಿಸಿ ಖಚಿತಪಡಿಸಿಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿದ್ದಾಗ ಇದು ಬೇಡ, ಡೀಸೆಲ್ ರಸ್ತೆಗೆ ಚೆಲ್ಲಿ ಹಿಂದೆ ಬರುವ ಬೈಕಿನವರು ಜಾರುತ್ತಾರೆ.

ಎರಡನೆಯದು ಆಕ್ಸಿಲರೇಟರ್. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗುತ್ತದೆಯೇ ನೋಡಲಿ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಭಾರ ಬಿದ್ದಾಗ ಎಂಜಿನ್ ಒಂದು ಬದಿಗೆ ವಾಲಿ ಕೇಬಲನ್ನು ಸಡಿಲ ಮಾಡುತ್ತದೆ. ನಿಂತ ಗಾಡಿಯಲ್ಲಿ ಇದು ಕಾಣುವುದಿಲ್ಲ. ಎಂಜಿನ್ ಆಫ್ ಮಾಡಲು ಎಳೆಯುವ ಕೇಬಲ್ ಇರುವ ಗಾಡಿಗಳಲ್ಲಿ, ಅದೂ ಇದೇ ರೀತಿ ಎಳೆದುಕೊಂಡು ಪಂಪನ್ನು ಅರ್ಧ ಬಂದ್ ಮಾಡಬಹುದು. ಆ ಕೇಬಲನ್ನು ಪಂಪಿನ ಲಿವರಿನಿಂದ ಬಿಡಿಸಿ ಒಂದು ಸಲ ಘಾಟಿ ಹತ್ತಿಸಿ ನೋಡಿ. ಎಂಜಿನ್ ನಿಲ್ಲಿಸಲು ಲಿವರನ್ನು ಕೈಯಿಂದ ಒತ್ತಬೇಕಾಗುತ್ತದೆ ಎಂಬುದು ನೆನಪಿರಲಿ.

ಮೂರನೆಯದು ಸ್ಟಾಪ್ ಸೊಲೆನಾಯ್ಡ್. ರೋಟರಿ ಪಂಪಿನ (ಪಂಪಿನ ಬಗೆ ಗುರುತಿಸುವುದು ಮುಂದೆ ಬರುತ್ತದೆ) ತಲೆಯ ಮೇಲೆ ಒಂಟಿ ವೈರ್ ಬಂದು ಸೇರುವ ಸಣ್ಣ ಸಿಲಿಂಡರ್ ಅದು. ಅದಕ್ಕೆ 12 ವೋಲ್ಟ್ ಸಿಗುತ್ತಿರುವವರೆಗೂ ಡೀಸೆಲ್ ಬಾಗಿಲು ತೆರೆದಿರುತ್ತದೆ, ವೈರ್ ಅಲುಗಾಡಿದರೆ ಬಾಗಿಲು ಮುಚ್ಚುತ್ತದೆ. ಸೊಲೆನಾಯ್ಡ್‌ನ ತುದಿಯಿಂದ ಇನ್ನೊಂದು ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ ಸಣ್ಣ 12 ವೋಲ್ಟ್ ಬಲ್ಬ್ ಇಡಿ, ಬಲ್ಬಿನ ಇನ್ನೊಂದು ತುದಿಯನ್ನು ಬಾಡಿಗೆ ಅರ್ಥ್ ಮಾಡಿ. ಗಾಡಿ ಜಗ್ಗಿದ ಕ್ಷಣದಲ್ಲೇ ಬಲ್ಬ್ ಮಿಣುಕಿದರೆ ತಪ್ಪು ವೈರಿನಲ್ಲಿ, ಇಗ್ನಿಷನ್ ಸ್ವಿಚ್ಚಿನಲ್ಲಿ ಅಥವಾ ಫ್ಯೂಸ್ ಕೂರುವ ಜಾಗದಲ್ಲಿ ಇದೆ. ಬಲ್ಬ್ ಸ್ಥಿರವಾಗಿ ಉರಿಯುತ್ತಲೇ ಎಳೆತ ಹೋದರೆ ಮುಂದಿನ ಪರೀಕ್ಷೆಗೆ ಹೋಗಿ.

ಕ್ಯಾನ್ ಪರೀಕ್ಷೆ

ಅನುಮಾನವನ್ನು ಒಂದೇ ಏಟಿಗೆ ಎರಡು ಹೋಳು ಮಾಡುವ ಪರೀಕ್ಷೆ ಇದು. ಗಾಡಿಯ ಟ್ಯಾಂಕನ್ನೂ ಹಳೆಯ ಪೈಪನ್ನೂ ಪೂರ್ತಿ ಬಿಟ್ಟು, ಬೇರೆ ಕ್ಯಾನಿನಿಂದ ಎಂಜಿನ್ನಿಗೆ ಡೀಸೆಲ್ ಕೊಟ್ಟು ಅದೇ ಏರನ್ನು ಹತ್ತಿಸುವುದು. ಬೇಕಾಗುವುದು ಇಷ್ಟು: 5 ಲೀಟರಿನ ಶುಚಿಯಾದ ಕ್ಯಾನ್, ಮುಚ್ಚಳದಲ್ಲಿ ಹೋಸ್ ತೂರುವ ಎರಡು ತೂತು ಮತ್ತು ಗಾಳಿಗೆ ಒಂದು ಸಣ್ಣ ತೂತು, ಒಳ ಅಳತೆ 8 ಮಿಲಿಮೀಟರಿನ ಡೀಸೆಲ್ ಹೋಸ್ ಮೂರು ಮೀಟರಿನ ಎರಡು ತುಂಡು, ನಾಲ್ಕು ಹೋಸ್ ಕ್ಲಿಪ್, ಹೊಸ ಡೀಸೆಲ್ 4 ಲೀಟರ್. ಹೋಸ್ ಕೊಳ್ಳುವ ಮೊದಲು ನಿಮ್ಮ ಗಾಡಿಯ ಪೈಪಿನ ಅಳತೆ ನೋಡಿಕೊಳ್ಳಿ, ಎಲ್ಲದರಲ್ಲೂ 8 ಇರುವುದಿಲ್ಲ.

ಕ್ಯಾನನ್ನು ಮುಂದಿನ ಸೀಟಿನ ಕಾಲಿಡುವ ಜಾಗದಲ್ಲೋ ಪಕ್ಕದ ಸೀಟಿನ ಮೇಲೋ ಹಗ್ಗದಿಂದ ಬಿಗಿದು ಕಟ್ಟಿ. ಬಾನೆಟ್ ಒಳಗೆ ಎಂದೂ ಇಡಬೇಡಿ. ಎಗ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಚೆಲ್ಲಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನಿಂದ ಬರುವ ಪೈಪನ್ನು ಬಿಡಿಸಿ, ಆ ಜಾಗಕ್ಕೆ ಕ್ಯಾನಿನ ಹೋಸ್ ಜೋಡಿಸಿ. ಪಂಪಿನಿಂದ ಬರುವ ರಿಟರ್ನ್ ಪೈಪನ್ನೂ ಬಿಡಿಸಿ ಕ್ಯಾನಿಗೇ ತನ್ನಿ. ಇದನ್ನು ಮರೆತರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ಬೇಗ ಬರಿದಾಗುತ್ತದೆ. ಘಾಟಿಯ ನಡುವೆ ಗಾಳಿ ಹಿಡಿದು ನಿಂತು, ಹೊಸ ದೋಷವೊಂದು ಹುಟ್ಟಿತೆಂಬ ಗೊಂದಲವಾಗುತ್ತದೆ. ಬಿಡಿಸಿದ ಹಳೆಯ ಪೈಪುಗಳ ಬಾಯಿಗೆ ಬೋಲ್ಟ್ ತೂರಿಸಿ ಕ್ಲಿಪ್ ಹಾಕಿ. ಪೈಪಿನೊಳಗಿನ ಏರ್ ತೆಗೆದು (ಕ್ರಮ ಕೊನೆಯಲ್ಲಿದೆ) ಸ್ಟಾರ್ಟ್ ಮಾಡಿ, ಐದು ನಿಮಿಷ ನಿಂತಲ್ಲೇ ನಡೆಸಿ, ಎಲ್ಲೂ ಸೋರುವುದಿಲ್ಲವೆಂದು ನೋಡಿದ ಮೇಲೆ ಹೊರಡಿ.

ಕ್ಯಾನಿನಿಂದ ಹತ್ತುವಾಗ ಗಾಡಿ ಸೋಲದಿದ್ದರೆ ಪಂಪು, ನೋಝಲ್, ಫಿಲ್ಟರ್ ಎಲ್ಲ ಸರಿಯಿವೆ. ತಪ್ಪು ಟ್ಯಾಂಕ್, ಹೀರುವ ಪೈಪು, ಚಾಸಿಸ್ ಉದ್ದಕ್ಕೂ ಬರುವ ಲೈನ್, ಇವುಗಳಲ್ಲಿ ಒಂದರಲ್ಲಿದೆ. ಕ್ಯಾನಿನಿಂದಲೂ ಅದೇ ಜಾಗದಲ್ಲಿ ಸೋತರೆ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪ್, ಫಿಲ್ಟರ್, ಪೈಪನ್ನು ಹಿಡಿಯುವ ತೂತಿನ ಬ್ಯಾಂಜೋ ಬೋಲ್ಟ್, ದೊಡ್ಡ ಪಂಪ್, ಈ ಕಡೆ ಹುಡುಕಬೇಕು. ಕ್ಯಾನ್ ಪಂಪಿಗಿಂತ ಎತ್ತರದಲ್ಲಿರುವುದರಿಂದ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ಹಾಗಾಗಿ ಬಲ ಕುಂದಿದ ಫೀಡ್ ಪಂಪಿನ ದೋಷ ಈ ಪರೀಕ್ಷೆಯಲ್ಲಿ ಮರೆಯಾಗಬಹುದು. ಆ ಅನುಮಾನ ಇದ್ದರೆ ಕ್ಯಾನನ್ನು ಗಾಡಿಯ ಹಿಂಭಾಗದಲ್ಲಿ, ಆದಷ್ಟು ತಗ್ಗಿನಲ್ಲಿ ಕಟ್ಟಿ ಎರಡನೇ ಸಲ ಹತ್ತಿಸಿ. ಹಿಂದಕ್ಕೆ ಇನ್ನೂ ಉದ್ದದ ಹೋಸ್ ಬೇಕಾಗುತ್ತದೆ.

ಟ್ಯಾಂಕಿನ ಕಡೆ ತಪ್ಪಿದ್ದರೆ

ಹತ್ತು ನಿಮಿಷಕ್ಕೆ ಸರಿಹೋಗುವ ಲಕ್ಷಣಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಕಾರಣ ಟ್ಯಾಂಕಿನೊಳಗೆ ತೇಲುವ ಕಸ. ಎಂದೋ ಬಿದ್ದ ಪ್ಲಾಸ್ಟಿಕ್ ಚೂರು, ಕ್ಯಾನಿನ ಮುಚ್ಚಳದ ಸೀಲು, ಬಟ್ಟೆಯ ತುಂಡು, ಒಣಗಿದ ಎಲೆ. ಡೀಸೆಲ್ ಜೋರಾಗಿ ಎಳೆಯುವಾಗ ಅದು ಬಂದು ಹೀರುವ ಪೈಪಿನ ಜಾಲರಿಗೆ ಅಂಟುತ್ತದೆ. ಎಂಜಿನ್ ನಿಂತಾಗ ಎಳೆತವಿಲ್ಲದೆ ಕಳಚಿ ಬೀಳುತ್ತದೆ. ಇದನ್ನು ಹಿಡಿಯಲು ಎಳೆತ ಹೋದ ಜಾಗದಲ್ಲೇ, ಎಂಜಿನ್ ಆರಿಸಿದ ತಕ್ಷಣ, ಟ್ಯಾಂಕಿನಿಂದ ಬರುವ ಪೈಪನ್ನು ಎಂಜಿನ್ ಕಡೆ ಬಿಡಿಸಿ, ಟ್ಯಾಂಕಿನ ಮುಚ್ಚಳ ತೆರೆದಿಟ್ಟು, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಗಾಳಿ ಹೊಡೆಯಿರಿ. ಮೊದಲು ತಡೆದು ಆಮೇಲೆ ‘ಬುಳಕ್’ ಎಂದು ಬಿಟ್ಟುಕೊಂಡು, ಏರ್ ತೆಗೆದ ಮೇಲೆ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ಮತ್ತೆ ಸೋತರೆ ಕಸವೇ ಕಾರಣ. ಕಂಪ್ರೆಸರಿನ ಗಾಳಿ ಬೇಡ, ಹಳೆಯ ಟ್ಯಾಂಕಿನ ಬೆಸುಗೆ ತಡೆಯುವುದಿಲ್ಲ.

ಗಾಳಿ ಹೊಡೆದು ಬಿಡುವುದು ಚಿಕಿತ್ಸೆಯಲ್ಲ. ಟ್ಯಾಂಕ್ ಇಳಿಸಲೇಬೇಕು. ಡ್ರೈನ್ ಪ್ಲಗ್ ತೆಗೆದು ಮೊದಲ ಒಂದು ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಅಲುಗಾಡಿಸದೆ ಇಡಿ. ಅಡಿಯಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಕಂದು ಪುಡಿ ಕೂತರೆ ಟ್ಯಾಂಕ್ ತುಕ್ಕು ಹಿಡಿದಿದೆ. ಕಪ್ಪು ಲೋಳೆ ಕಂಡರೆ ನೀರೂ ಡೀಸೆಲೂ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ತೋಟದ ಜೀಪುಗಳಲ್ಲಿ ಇದನ್ನು ನಿರೀಕ್ಷಿಸಬೇಕು. ತುಕ್ಕಿಗೆ ಎರಡು ಮುಷ್ಟಿ ಸಣ್ಣ ಜಲ್ಲಿ, ಎರಡು ಲೀಟರ್ ಡೀಸೆಲ್ ಹಾಕಿ ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಕುಲುಕಿ ಚೆಲ್ಲಬೇಕು, ತಿಳಿ ಡೀಸೆಲ್ ಬರುವವರೆಗೂ. ಜಲ್ಲಿಯನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬಂದರೆ ನಿಲ್ಲಿ: ಬರಿದಾದ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ, ಜೀವ ಹೋಗುತ್ತದೆ.

ಚಾಸಿಸ್ ಪಕ್ಕದ ಲೋಹದ ಪೈಪು ಕಲ್ಲೇಟಿಗೆ ಜಜ್ಜಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿ ನೋಡಿ. ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿದ್ದರೂ ಒಳಪದರ ಉಬ್ಬಿ ದಾರಿ ಕಟ್ಟಿರಬಹುದು. ಹೆಚ್ಚು ವಿಚಾರ ಮಾಡದೆ ಹಳೆಯ ಹೋಸ್‌ಗಳನ್ನು ಬದಲಿಸಿಬಿಡುವುದು ಒಳ್ಳೆಯದು.

ಗಾಳಿ ಎಳೆಯುವ ದೋಷ

ಹೀರುವ ಕಡೆಯ ಬಿರುಕಿನ ವಿಚಿತ್ರವೆಂದರೆ ಅಲ್ಲಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿ ಕಾಣುವ ಜಾಯಿಂಟೇ ಕಳ್ಳನಾಗಿರುತ್ತದೆ. ಕಣ್ಣಿಗೆ ಕಾಣುವಂತೆ ಮಾಡಲು ಒಂದು ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಸಾಕು. ಮೊದಲು ಅದನ್ನು ಪಂಪಿಗೆ ಹೋಗುವ ಕೊನೆಯ ಹೋಸ್‌ನ ಜಾಗದಲ್ಲಿ ಹಾಕಿ, ಏರ್ ತೆಗೆದು, ಎಂಜಿನ್ ನಡೆಸಿ ಆಕ್ಸಿಲರೇಟರ್ ಏರಿಸಿ. ಸ್ಟಾರ್ಟ್ ಮಾಡಿದಾಗ ಒಂದೆರಡು ಗುಳ್ಳೆ ಹೋಗುವುದು ಸಹಜ. ನೂಲಿನ ಹಾಗೆ ಒಂದೇ ಸಮನೆ ಗುಳ್ಳೆ ಓಡುತ್ತಿದ್ದರೆ ಗಾಳಿ ಎಳೆಯುತ್ತಿದೆ. ಆಮೇಲೆ ಟ್ಯೂಬನ್ನು ಫಿಲ್ಟರಿನ ಮುಂಚೆ, ಫೀಡ್ ಪಂಪಿನ ಮುಂಚೆ, ಹೀಗೆ ಟ್ಯಾಂಕಿನ ಕಡೆಗೆ ಸರಿಸುತ್ತ ಹೋಗಿ. ಗುಳ್ಳೆ ಕಾಣಿಸುವುದು ನಿಂತ ಜಾಗಕ್ಕೂ ಅದಕ್ಕೆ ಮೊದಲು ನೋಡಿದ ಜಾಗಕ್ಕೂ ನಡುವೆ ತೂತಿದೆ. ಪರೀಕ್ಷೆ ಮುಗಿದ ಮೇಲೆ ಈ ಟ್ಯೂಬನ್ನು ಅಲ್ಲೇ ಬಿಡಬೇಡಿ; ಡೀಸೆಲಿಗೆ ಅದು ಕೆಲವೇ ದಿನಗಳಲ್ಲಿ ಗಡುಸಾಗಿ ಸೀಳುತ್ತದೆ.

ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್ ಕೂಡ ಒಳ್ಳೆಯ ಅಳತೆಗೋಲು. ಗುಂಡಿ ಮೇಲೆತ್ತುವಾಗ ಯಾರೋ ಒಳಗಿನಿಂದ ಹಿಡಿದೆಳೆದ ಹಾಗೆ ಬಿಗಿಯಾಗಿದ್ದರೆ ಟ್ಯಾಂಕಿನ ಕಡೆ ಕಟ್ಟಿದೆ. ಸಲೀಸಾಗಿ ಎದ್ದು, ಒತ್ತುವಾಗಲೂ ಪೊಳ್ಳಾಗಿ ಹೋದರೆ ಗಾಳಿ ಎಳೆಯುತ್ತಿದೆ ಅಥವಾ ಒಳಗಿನ ವಾಲ್ವ್ ಹಿಡಿಯುತ್ತಿಲ್ಲ. ಪ್ರೈಮರಿನ ಸೀಲ್ ಸವೆದಿದ್ದರೆ ಅಲ್ಲಿಂದಲೇ ಗಾಳಿ ಹೋಗುತ್ತದೆ, ಮತ್ತು ಗುಂಡಿಯನ್ನು ತಿರುಗಿಸಿ ಬಿಗಿ ಮಾಡದೆ ಬಿಟ್ಟಿರುವುದೇ ಎಷ್ಟೋ ಸಲ ಇಡೀ ತೊಂದರೆಯ ಮೂಲ.

ಬ್ಯಾಂಜೋ ಬೋಲ್ಟುಗಳ ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಒಮ್ಮೆ ಅಮುಕಿದ ವಾಷರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ನೋಝಲ್‌ಗಳ ಮೇಲಿನ ಸಣ್ಣ ಹೆಣೆದ ರಿಟರ್ನ್ ಪೈಪುಗಳನ್ನೂ ನೋಡಿ. ಅಲ್ಲಿ ಸೋರಿದರೆ ರಾತ್ರಿ ಗಾಳಿ ಸೇರಿ ಬೆಳಿಗ್ಗೆ ಸೆಲ್ಫ್ ಹೆಚ್ಚು ಹೊಡೆಯಬೇಕಾಗುತ್ತದೆ.

ಫಿಲ್ಟರಿನಿಂದ ಪಂಪಿನವರೆಗೆ

ಪಂಪ್ ಯಾವ ಬಗೆಯದೆಂದು ತಿಳಿಯಲು ನೋಝಲ್ ಪೈಪುಗಳು ಹೊರಡುವ ಜಾಗ ನೋಡಿ. ನಾಲ್ಕೂ ಒಂದೇ ಸಾಲಿನಲ್ಲಿದ್ದರೆ ಇನ್‌ಲೈನ್ ಪಂಪ್, ಪಂಪಿನ ಹಿಂತಲೆಯ ಸುತ್ತ ವೃತ್ತವಾಗಿದ್ದರೆ ರೋಟರಿ. ಎರಡಕ್ಕೂ ನಮ್ಮ ಗ್ಯಾರೇಜುಗಳಲ್ಲಿ ‘ಮೈಕೋ ಪಂಪ್’ ಎಂದೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಿಂದ ಬಾಷ್ ಲಿಮಿಟೆಡ್ ಆಗಿದೆ, ಮಾತಿನಲ್ಲಿ ಮಾತ್ರ ಮೈಕೋ ಉಳಿದಿದೆ.

ಇನ್‌ಲೈನ್ ಪಂಪಿನಲ್ಲಿ ಫೀಡ್ ಪಂಪಿನ ಕೆಳಗೆ ಅಥವಾ ಒಳಬರುವ ಬೋಲ್ಟಿನೊಳಗೆ ಸಣ್ಣ ಜಾಲರಿ ಇರುತ್ತದೆ. ದೊಡ್ಡ ಫಿಲ್ಟರ್ ಎಷ್ಟು ಸಲ ಬದಲಿಸಿದ್ದರೂ ಇದನ್ನು ವರ್ಷಗಳಿಂದ ಯಾರೂ ತೆಗೆದಿರುವುದಿಲ್ಲ. ತೆಗೆದು ಡೀಸೆಲಿನಲ್ಲಿ ಬ್ರಷ್‌ನಿಂದ ತೊಳೆಯಿರಿ. ತೆಗೆದ ದೊಡ್ಡ ಫಿಲ್ಟರನ್ನೂ ಎಸೆಯಬೇಡಿ, ಕುಯ್ದು ಕಾಗದ ಬಿಡಿಸಿ ನೋಡಿ. ತುಕ್ಕೋ ಲೋಳೆಯೋ ಬಟ್ಟೆಯ ನೂಲೋ ಎಂಬುದರಲ್ಲಿ ಟ್ಯಾಂಕಿನ ಸ್ಥಿತಿ ಗೊತ್ತಾಗುತ್ತದೆ. ಬಿಚ್ಚಿದ ಪೈಪಿನ ಹತ್ತಿರ ಕಾಟನ್ ವೇಸ್ಟ್ ಬಳಸಬೇಡಿ, ಅದರ ನೂಲೇ ಮುಂದಿನ ಅಡಚಣೆ.

ರೋಟರಿ ಪಂಪಿನಲ್ಲಿ ಮೋಸ ಮಾಡುವ ಒಂದು ಬೋಲ್ಟ್ ಇದೆ. ಒಳಬರುವ ಬ್ಯಾಂಜೋ ಬೋಲ್ಟೂ ರಿಟರ್ನ್ ಬೋಲ್ಟೂ ನೋಡಲು ಒಂದೇ ತರಹ. ರಿಟರ್ನ್ ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ‘ಔಟ್’ ಎಂದಿರುತ್ತದೆ, ಒಳಗೆ ಸೂಜಿ ತೂರುವಷ್ಟೇ ಸಣ್ಣ ರಂಧ್ರ. ಆ ರಂಧ್ರ ಪಂಪಿನೊಳಗಿನ ಒತ್ತಡವನ್ನು ಕಾಯುತ್ತದೆ. ಫಿಲ್ಟರ್ ಕೆಲಸ ಮಾಡುವಾಗ ಎರಡೂ ಅದಲುಬದಲಾದರೆ ಒಳಬರುವ ಡೀಸೆಲೆಲ್ಲ ಆ ಸೂಜಿರಂಧ್ರದಲ್ಲೇ ಬರಬೇಕು: ಐಡ್ಲಿಂಗ್ ಚೆನ್ನ, ಎಳೆತ ಶೂನ್ಯ. ಔಟ್ ಬೋಲ್ಟ್ ಕಳೆದು ಸಾದಾ ಬೋಲ್ಟ್ ಹಾಕಿದ್ದರೆ ಒಳ ಒತ್ತಡ ನಿಲ್ಲದೆ ಅಡ್ವಾನ್ಸ್ (ವೇಗ ಏರಿದಂತೆ ಡೀಸೆಲನ್ನು ತುಸು ಬೇಗ ಚಿಮ್ಮಿಸುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ, ಆಗಲೂ ಮೇಲಿನ ವೇಗದಲ್ಲಿ ಬಲ ಇರುವುದಿಲ್ಲ. ‘ಫಿಲ್ಟರ್ ಬದಲಿಸಿದ ಮೇಲೆ ಶುರುವಾಯಿತು’ ಎಂದು ಮಾಲೀಕರು ಹೇಳಿದರೆ ಮೊದಲು ಈ ಬೋಲ್ಟ್ ನೋಡಿ.

ಪಂಪೇ ಸವೆದಿರುವ ಒಂದು ಸಂದರ್ಭ ಮಾತ್ರ ಬಂದುಹೋಗುವ ದೋಷದಂತೆ ತೋರುತ್ತದೆ. ಬಿಸಿಯಾದ ಡೀಸೆಲ್ ತೆಳುವಾಗಿ ರೋಟರಿ ಪಂಪಿನ ಸವೆದ ಸಂದಿನಲ್ಲಿ ಸೋರಿಹೋಗುತ್ತದೆ. ಬಿಸಿ ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ತಣಿದ ಮೇಲೆ ಆಗುತ್ತದೆ. ಎಂಜಿನ್ ಆರಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದಾರು ನಿಮಿಷ ತಣಿಸಿದಾಗ ಸ್ಟಾರ್ಟ್ ಆದರೆ ಪಂಪನ್ನು ಟೆಸ್ಟ್ ಬೆಂಚಿಗೆ ಕಳಿಸುವುದು ನ್ಯಾಯ. ನಡೆಯುತ್ತಿರುವ ಬಿಸಿ ಪಂಪಿನ ಮೇಲೆ ನೀರು ಸುರಿಯಬೇಡಿ, ಒಳಗಿನ ರೋಟರ್ ಹಿಡಿದು ಮುರಿಯುತ್ತದೆ.

ಕಪ್ಪು ಹೊಗೆ ಬಂದಿದ್ದರೆ

ಇಲ್ಲಿ ಹುಡುಕುವುದು ಕಡಿಮೆ. ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಕ್ಲೀನರಿನಲ್ಲಿ ಎಣ್ಣೆ ಗುರುತಿಗಿಂತ ಮೇಲಿದ್ದರೆ, ಕೆಸರಾಗಿದ್ದರೆ, ತೊಳೆದು ಹೊಸ ಎಣ್ಣೆಯನ್ನು ಗುರುತಿನವರೆಗಷ್ಟೇ ಹಾಕಿ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಕಳಚಿ ಒಳಗೆ ಬೆರಳಾಡಿಸಿ. ಒಳಪದರ ಬಿಟ್ಟುಕೊಂಡಿದ್ದರೆ ಪೂರ್ತಿ ಎಳೆತದಲ್ಲಿ ಅದು ಒಳಕ್ಕೆ ಕುಸಿದು ಗಾಳಿ ತಡೆಯುತ್ತದೆ. ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ. ಒಳಗೆ ಗಲಗಲ ಸದ್ದಾದರೆ ಮುರಿದ ತಗಡು ಓಡಾಡುತ್ತಿದೆ, ಅದು ಆಗಾಗ ಬಾಯಿಗೆ ಅಡ್ಡ ಬಂದು ಕೂರುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸ್‌ನ ಕ್ಲಿಪ್ಪುಗಳ ಸುತ್ತ ಎಣ್ಣೆ ಜಿಡ್ಡಿನ ಗುರುತು ನೋಡಿ, ಒತ್ತಡ ಅಲ್ಲಿಂದ ಹೋಗುತ್ತಿರುತ್ತದೆ.

ಏರ್ ತೆಗೆಯುವುದು

ಮೇಲಿನ ಯಾವ ಪರೀಕ್ಷೆ ಮಾಡಿದರೂ ಕೊನೆಗೆ ಇದು ಬೇಕು.

1. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೂ ಪ್ರೈಮರ್ ಒತ್ತಿ. ಕೊನೆಯ ಒತ್ತು ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿ.
2. ಇನ್‌ಲೈನ್ ಪಂಪಿನ ಮೇಲಿನ ಬ್ಲೀಡ್ ಸ್ಕ್ರೂವಿಗೂ ಹೀಗೆಯೇ. ರೋಟರಿ ಪಂಪಿನಲ್ಲಿ ಔಟ್ ಬೋಲ್ಟನ್ನು ಸಡಿಲಿಸಿ ಮಾಡಿ.
3. ಆಮೇಲೂ ಸ್ಟಾರ್ಟ್ ಆಗದಿದ್ದರೆ ನೋಝಲ್ ಕಡೆಯ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಒಮ್ಮೆಗೆ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಈ ಪೈಪುಗಳಲ್ಲಿನ ಒತ್ತಡ ನೂರಾರು ಬಾರ್. ಸೋರುವ ಜಾಗವನ್ನು ಬೆರಳಿನಿಂದ ಮುಚ್ಚಿ ನೋಡುವ ಅಭ್ಯಾಸ ಅಪಾಯದ್ದು. ಸೂಜಿಯಂಥ ಡೀಸೆಲ್ ಧಾರೆ ಚರ್ಮ ತೂರಿ ಒಳಹೋಗುತ್ತದೆ. ಹಾಗಾದರೆ ನೋವಿಲ್ಲವೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಕನ್ನಡಕ ಇರಲಿ, ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

ರಿಪೇರಿ ಆದ ಮೇಲೆ ಮೊದಲು ಸೋತ ಅದೇ ಏರನ್ನು, ಅಷ್ಟೇ ಭಾರ ಹಾಕಿಕೊಂಡು, ಟ್ಯಾಂಕಿನಲ್ಲಿ ಅಷ್ಟೇ ಡೀಸೆಲ್ ಇಟ್ಟುಕೊಂಡು, ನಡುವೆ ನಿಲ್ಲಿಸದೆ ಎರಡು ಸಲ ಹತ್ತಿಸಿ. ಟ್ಯಾಂಕ್ ತುಂಬಿಸಿಕೊಂಡು ಹತ್ತಿದರೆ ಸೀಳಿದ ಹೀರುಪೈಪು ಡೀಸೆಲಿನಲ್ಲಿ ಮುಳುಗಿ ಸರಿಯಾದಂತೆ ನಟಿಸುತ್ತದೆ. ಟ್ಯಾಂಕ್ ತೊಳೆದಿದ್ದರೆ ಅಂಟಿಕೊಂಡಿದ್ದ ತುಕ್ಕು ಮೊದಲ ದಿನಗಳಲ್ಲಿ ಕಳಚಿ ಬರುತ್ತದೆ, ಹಾಗಾಗಿ 500 ಕಿಲೋಮೀಟರ್ ಆದ ಮೇಲೆ ಫಿಲ್ಟರನ್ನು ಇನ್ನೊಮ್ಮೆ ಬದಲಿಸಿ, ತೆಗೆದದ್ದನ್ನು ಮತ್ತೆ ಕುಯ್ದು ನೋಡಿ.